ಉಪಗ್ರಹದ ಮೂಲಕ ಹವ್ಯಾಸಿ ರೇಡಿಯೊ: ಪಡುವಣದ ಬಾನಿನತ್ತ ಒಂದು ಡಿಶ್



ನಿಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಡಿಶ್ ಇರಬಹುದು. ಇಲ್ಲವಾದರೆ ಪಕ್ಕದ ಮನೆಯ ಮೇಲಾದರೂ ಇದ್ದೀತು. ಅದು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆ ಎಂದು ಎಂದಾದರೂ ಗಮನಿಸಿದ್ದೀರಾ? ಅದು ದೂರದರ್ಶನದ ಫ್ರೀ ಡಿಶ್ ಆಗಿದ್ದರೆ, ಯಾದಗಿರಿಯಲ್ಲಾಗಲಿ, ಶಹಾಪುರದಲ್ಲಾಗಲಿ, ಸುರಪುರದಲ್ಲಾಗಲಿ ಆಗ್ನೇಯ ದಿಕ್ಕಿಗೆ, ಆಕಾಶದಲ್ಲಿ ಸಾಕಷ್ಟು ಎತ್ತರಕ್ಕೆ ನೋಡುತ್ತಿರುತ್ತದೆ. ಆ ಕಾರ್ಯಕ್ರಮಗಳನ್ನು ಕಳಿಸುವ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸಮಭಾಜಕ ವೃತ್ತದ ಮೇಲೆ ಇದೆ.

ಮನೆಯ ಮೇಲಿನ ಈ ಡಿಶ್‌ಗಳಿಗೆಲ್ಲ ಒಂದು ಸಮಾನ ಗುಣವುಂಟು. ಅವು ಕೇಳುತ್ತವೆ, ಮಾತಾಡುವುದಿಲ್ಲ. ಟಿ.ವಿ. ಕಾರ್ಯಕ್ರಮ ತಯಾರಿಸುವ ನಾವು ಮಾತಾಡುತ್ತೇವೆ, ನೀವು ಕೇಳುತ್ತೀರಿ. ನಿಮಗೆ ಮರುಮಾತು ಹೇಳಬೇಕೆನಿಸಿದರೆ ಅದಕ್ಕೆ ಆ ಡಿಶ್‌ನಲ್ಲಿ ದಾರಿಯಿಲ್ಲ. ಇಂದು ನಾನು ಹೇಳಹೊರಟಿರುವುದು ಬೇರೊಂದು ಉಪಗ್ರಹದ ವಿಷಯ. ಅದು ಆಗ್ನೇಯದಲ್ಲಿಲ್ಲ, ಪಡುವಣದಲ್ಲಿದೆ. ಅದಕ್ಕೆ ನಿಮ್ಮಂಥ ವಿದ್ಯಾರ್ಥಿಯೂ ಮಾತಾಡಿಸಬಹುದಾದ ಒಂದು ಕಿವಿಯಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1975ರ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಅದರ ಹೆಸರು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ; ಚಿಕ್ಕದಾಗಿ ‘ಸೈಟ್’. ಅಮೆರಿಕದ ನಾಸಾ ಸಂಸ್ಥೆ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಳಸಲು ಕೊಟ್ಟಿತು. ಇಸ್ರೋ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿಕೊಂಡಿತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಮೂರು: ಗುಲ್ಬರ್ಗ, ರಾಯಚೂರು ಮತ್ತು ವಿಜಾಪುರ. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲ್ಬರ್ಗ ಜಿಲ್ಲೆಯ ತಾಲೂಕುಗಳು; ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ.

ಆ ಹಳ್ಳಿಗಳ ಆಂಟೆನಾ ಹೇಗಿತ್ತು ಗೊತ್ತೇ? ಸುಮಾರು 3 ಮೀಟರ್ ಅಗಲದ ಬಟ್ಟಲು. ಅದಕ್ಕೆ ಹೊದಿಸಿದ್ದು ಕೋಳಿಗೂಡಿಗೆ ಹಾಕುವ ತಂತಿಯ ಜಾಲರಿ. ಉಪಗ್ರಹದ ಕಂಪನಾಂಕ 860 ಮೆಗಾಹರ್ಟ್ಸ್. ಎಂದರೆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಅಷ್ಟು ಉದ್ದದ ತರಂಗಕ್ಕೆ ಜಾಲರಿಯ ಸಣ್ಣ ಕಣ್ಣುಗಳು ತೂತುಗಳೇ ಅಲ್ಲ, ಗೋಡೆಯಿದ್ದಂತೆ. ಹಾಗಾಗಿ ಅಗ್ಗದ ಜಾಲರಿಯೇ ಸಾಕಾಯಿತು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗಿ, ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿ, ಆಫ್ರಿಕಾದ ಮೇಲಿದ್ದ ಉಪಗ್ರಹವನ್ನು ಮುಟ್ಟಿ, ಅಲ್ಲಿಂದ ನೇರವಾಗಿ ನಮ್ಮ ಹಳ್ಳಿಯ ಶಾಲೆಯಂಗಳಕ್ಕೆ ಇಳಿಯುತ್ತಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ನಮ್ಮದಾಗಿರಲಿಲ್ಲ, ಅದನ್ನು ಹಿಂದಕ್ಕೆ ಕರೆಸಿಕೊಂಡರು. ಮುಂದೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ ಎಂಬುದನ್ನು ನೆನೆದರೆ, ನಿಮ್ಮ ಸೀಮೆ ಈ ವಿಷಯದಲ್ಲಿ ರಾಜಧಾನಿಗಿಂತ ಮುಂದಿತ್ತು ಎಂದೇ ಹೇಳಬೇಕು. ನಿಮ್ಮ ಊರಿನಲ್ಲೋ ನೆರೆಯೂರಿನಲ್ಲೋ ಆ ಜಾಲರಿ ಬಟ್ಟಲು ಇತ್ತೇ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ಈಗ ವಿಜ್ಞಾನದ ಮಾತು. ಉಪಗ್ರಹ ಒಂದೇ ಕಡೆ ನಿಂತಂತೆ ಕಾಣುವುದು ಹೇಗೆ? ಅದು ನಿಂತಿರುವುದಿಲ್ಲ, ಸೆಕೆಂಡಿಗೆ ಸುಮಾರು 3 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಭೂಮಿಗೆ ಹತ್ತಿರವಿರುವ ಉಪಗ್ರಹ ಬೇಗ ಸುತ್ತುತ್ತದೆ, ದೂರದ್ದು ನಿಧಾನವಾಗಿ ಸುತ್ತುತ್ತದೆ. ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕು. ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ತೆಗೆದುಕೊಳ್ಳುವ ಕಾಲವೂ ಅಷ್ಟೇ. ಜಾತ್ರೆಯ ತಿರುಗುವ ತೊಟ್ಟಿಲಲ್ಲಿ ಎದುರುಬದುರು ಕುಳಿತ ಇಬ್ಬರಿಗೆ ಪರಸ್ಪರರು ಅಲುಗದಂತೆ ಕಾಣುವುದಿಲ್ಲವೇ? ಹಾಗೆಯೇ ಇದು. ಇಂಥದನ್ನು ಭೂಸ್ಥಿರ ಉಪಗ್ರಹ ಎನ್ನುತ್ತೇವೆ. ಇಂಥ ಮೂರು ನಿಲ್ದಾಣಗಳಿದ್ದರೆ ಲೋಕಕ್ಕೆಲ್ಲ ಸಂಪರ್ಕ ಕಲ್ಪಿಸಬಹುದು ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಒಂದು ರೇಡಿಯೊ ಪತ್ರಿಕೆಯಲ್ಲಿ ಬರೆದಿದ್ದರು.

ಇನ್ನು ಹವ್ಯಾಸಿ ರೇಡಿಯೊ ಎಂದರೇನು? ಹಣಕ್ಕಾಗಿ ಅಲ್ಲದೆ, ಕಲಿಯುವ ಆಸೆಗಾಗಿ, ಸರಕಾರದಿಂದ ಪರವಾನಗಿ ಪಡೆದು, ತನ್ನದೇ ರೇಡಿಯೊ ನಿಲಯ ನಡೆಸುವುದು. ಇವರನ್ನು ‘ಹ್ಯಾಮ್’ ಎಂದೂ ಕರೆಯುತ್ತಾರೆ. ಇವರು ಉಪಗ್ರಹಗಳಿಗೆ ಹೊಸಬರಲ್ಲ. ಸ್ಪುಟ್ನಿಕ್ ಹಾರಿ ನಾಲ್ಕು ವರ್ಷ ಕಳೆದು ಸ್ವಲ್ಪದರಲ್ಲೇ, 1961ರ ಡಿಸೆಂಬರ್ 12ರಂದು, ಹವ್ಯಾಸಿಗಳೇ ಕಟ್ಟಿದ ‘ಆಸ್ಕರ್-1’ ಕಕ್ಷೆಗೆ ಏರಿತ್ತು. ನಮ್ಮ ಬೆಂಗಳೂರಿನಲ್ಲಿ ಇಸ್ರೋ ಕಟ್ಟಿದ ‘ಹ್ಯಾಮ್‌ಸ್ಯಾಟ್’ 2005ರ ಮೇ 5ರಂದು ಶ್ರೀಹರಿಕೋಟದಿಂದ ಹಾರಿತು. ಸುಮಾರು 42 ಕೆ.ಜಿ. ತೂಕದ ಆ ಪುಟ್ಟ ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಪಾಂಡರುಗಳಿದ್ದವು. ಒಂದು ಭಾರತದ್ದು; ಇನ್ನೊಂದನ್ನು ತಯಾರಿಸಿದವನು ನೆದರ್ಲೆಂಡ್ಸ್‌ನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. ಅದು 2014ರವರೆಗೆ ಕೆಲಸ ಮಾಡಿತು.

ಆದರೆ ಹ್ಯಾಮ್‌ಸ್ಯಾಟ್ ಇದ್ದದ್ದು 600 ಕಿ.ಮೀ. ಚಿಲ್ಲರೆ ಎತ್ತರದಲ್ಲಿ. ಅದು ದಿಗಂತದಲ್ಲಿ ಮೂಡಿ, ತಲೆಯ ಮೇಲೆ ಹಾದು, ಹತ್ತು ಹದಿನೈದು ನಿಮಿಷಗಳಲ್ಲಿ ಮುಳುಗಿಬಿಡುತ್ತಿತ್ತು. ಅಷ್ಟರಲ್ಲಿ ಆಂಟೆನಾ ತಿರುಗಿಸುತ್ತ, ಬದಲಾಗುವ ಕಂಪನಾಂಕವನ್ನು ಸರಿಪಡಿಸುತ್ತ, ಮಾತನ್ನೂ ಮುಗಿಸಬೇಕು. ನಿಲ್ದಾಣದಲ್ಲಿ ನಿಲ್ಲದ ರೈಲಿನ ಕಿಟಕಿಯಲ್ಲಿರುವ ಗೆಳೆಯನನ್ನು ಮಾತಾಡಿಸಿದಂತೆ. ಅಲುಗದೆ ನಿಲ್ಲುವ ಉಪಗ್ರಹವೊಂದು ನಮಗೂ ಇದ್ದರೆ ಎಂದು ಹವ್ಯಾಸಿಗಳು ಬಹುಕಾಲ ಹಂಬಲಿಸಿದ್ದರು.

ಆ ಹಂಬಲ ಕೈಗೂಡಿದ್ದು 2018ರ ನವೆಂಬರ್ 15ರಂದು. ಅಮೆರಿಕದ ಫ್ಲಾರಿಡಾದಿಂದ ಕತಾರ್ ದೇಶದ ‘ಎಸ್‌ಹೇಲ್-2’ ಎಂಬ ಟಿ.ವಿ. ಉಪಗ್ರಹ ಹಾರಿತು. ಅದನ್ನು ಕಟ್ಟಿದ್ದು ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್. ಅದರ ಹೊಟ್ಟೆಯಲ್ಲಿ ಹವ್ಯಾಸಿಗಳಿಗೆಂದೇ ಎರಡು ಟ್ರಾನ್ಸ್‌ಪಾಂಡರುಗಳನ್ನು ಇಟ್ಟಿದ್ದರು. ಕತಾರಿನ ಹವ್ಯಾಸಿ ಸಂಘವೂ ಜರ್ಮನಿಯ ಆಮ್‌ಸ್ಯಾಟ್ ಸಂಘವೂ ಕೂಡಿ ಮಾಡಿದ ಕೆಲಸವದು. ಭೂಸ್ಥಿರ ಕಕ್ಷೆಯಲ್ಲಿ ಹವ್ಯಾಸಿಗಳಿಗೆ ದೊರೆತ ಮೊದಲ ಟ್ರಾನ್ಸ್‌ಪಾಂಡರುಗಳು ಇವೇ. 2019ರ ಫೆಬ್ರವರಿಯಲ್ಲಿ ಬಳಕೆಗೆ ತೆರೆದುಕೊಂಡವು. ಹವ್ಯಾಸಿಗಳ ಬಾಯಲ್ಲಿ ಇದರ ಹೆಸರು ಕತಾರ್-ಆಸ್ಕರ್ 100. ಅಂದ ಹಾಗೆ, ‘ಸುಹೈಲ್’ ಎಂಬುದು ಅರಬ್ಬೀ ಭಾಷೆಯಲ್ಲಿ ನಮ್ಮ ಅಗಸ್ತ್ಯ ನಕ್ಷತ್ರದ ಹೆಸರು. ಉಪಗ್ರಹದ ಹೆಸರು ಅದರಿಂದಲೇ ಬಂದದ್ದು.

ಈ ಉಪಗ್ರಹ ಇರುವುದು 26 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ, ಆಫ್ರಿಕಾದ ಕಾಂಗೋ ದೇಶದ ನೆತ್ತಿಯ ಮೇಲೆ. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗಿನ ನೆಲ ಅದರ ಕಣ್ಣಿಗೆ ಬೀಳುತ್ತದೆ. ಅಂಟಾರ್ಕ್‌ಟಿಕಾದಲ್ಲಿರುವ ಜರ್ಮನಿಯ ನಾಯ್‌ಮಾಯರ್ ನೆಲೆಯಿಂದಲೂ ಇದರ ಮೂಲಕ ಶಾಲಾ ಮಕ್ಕಳೊಂದಿಗೆ ಮಾತಾಡಿದ್ದಾರೆ. ಯಾದಗಿರಿಯಿಂದ ಲೆಕ್ಕ ಹಾಕಿದರೆ ಅದು ನೇರ ಪಶ್ಚಿಮದಿಂದ 13 ಡಿಗ್ರಿ ದಕ್ಷಿಣಕ್ಕೆ, ದಿಗಂತದಿಂದ 29 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಸುರಪುರದಲ್ಲಿ ಲೆಕ್ಕ ಹಾಕಿದರೂ ಅರ್ಧ ಡಿಗ್ರಿಯಷ್ಟು ಮಾತ್ರ ವ್ಯತ್ಯಾಸ. ಶಹಾಪುರ ಇವೆರಡರ ನಡುವೆ. 1975ರ ಎ.ಟಿ.ಎಸ್.-6 ಇದ್ದದ್ದು 35 ಡಿಗ್ರಿ ಪೂರ್ವದಲ್ಲಿ. ಅಂದರೆ ಇದರ ಪಕ್ಕದಲ್ಲೇ, ಸ್ವಲ್ಪ ಮೇಲೆ. ನಿಮ್ಮ ಅಜ್ಜನ ಕಾಲದ ಜಾಲರಿ ಬಟ್ಟಲು ನೋಡುತ್ತಿದ್ದ ದಿಕ್ಕಿಗೇ ನೀವೂ ನೋಡಬೇಕು.

ಕೋನ ಅಳೆಯುವ ಉಪಕರಣ ಇಲ್ಲವೇ? ಸೂರ್ಯನನ್ನೇ ಬಳಸಿಕೊಳ್ಳಿ. ಮಾರ್ಚ್ ತಿಂಗಳ ಎರಡನೆಯ ವಾರದ ಕೊನೆಯಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಒಂದೆರಡು ದಿನ, ಸಂಜೆ 4ರಿಂದ 4.30ರ ನಡುವೆ, ನಿಮ್ಮೂರಿನಲ್ಲಿ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಹಾಯುತ್ತಾನೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡಿ. ಅಂಗಳದಲ್ಲಿ ಕೋಲು ನೆಟ್ಟು ನೆರಳಿಗೆ ಗೆರೆ ಎಳೆದಿಡಿ. ನೆರಳಿನ ಎದುರು ದಿಕ್ಕೇ ಉಪಗ್ರಹದ ದಿಕ್ಕು.

ಶಹಾಪುರದವರು ಕೇಳಬಹುದು: ನಮ್ಮ ಗುಡ್ಡಗಳು ಅಡ್ಡ ಬರುವುದಿಲ್ಲವೇ ಎಂದು. ಒಳ್ಳೆಯ ಪ್ರಶ್ನೆ. ಮಲಗಿದ ಬುದ್ಧನಂತೆ ಕಾಣುವ ನಿಮ್ಮ ಊರಿನ ಗುಡ್ಡಸಾಲು ನೆಲದ ಮೇಲೆ ಓಡುವ ರೇಡಿಯೊ ತರಂಗಗಳಿಗೆ ನಿಜವಾಗಿಯೂ ಅಡ್ಡಿ. ಆದರೆ ನಮ್ಮ ದೃಷ್ಟಿರೇಖೆ 29 ಡಿಗ್ರಿ ಮೇಲಕ್ಕಿದೆ. ತ್ರಿಕೋನಮಿತಿ ಬಳಸಿ: ನಿಮಗಿಂತ 100 ಮೀಟರ್ ಎತ್ತರದ ಶಿಖರ ಪಡುವಣಕ್ಕಿದ್ದರೆ, ಅದರಿಂದ 180 ಮೀಟರಿಗಿಂತ ಹತ್ತಿರ ಇರುವವರಿಗೆ ಮಾತ್ರ ಅದು ಮರೆ. ಅದರಾಚೆ ಇರುವವರಿಗೆ ಆಕಾಶ ಬಿಚ್ಚಿದ್ದೇ.

ಉಪಗ್ರಹದ ಕೆಲಸ ಬಲು ಸರಳ. ನಾವು 2400 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೇಲೆ ಕಳಿಸಿದ ದನಿಯನ್ನು ಅದು ಕೇಳಿ, ಅದರ ಕಂಪನಾಂಕಕ್ಕೆ 8089.5 ಮೆಗಾಹರ್ಟ್ಸ್ ಕೂಡಿಸಿ, ಬಲಪಡಿಸಿ, 10,490 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಳಗೆ ಕಳಿಸುತ್ತದೆ. ಒಂದು ಕಿರಿದಾದ ಟ್ರಾನ್ಸ್‌ಪಾಂಡರ್ ಮಾತು ಮತ್ತು ಮೋರ್ಸ್ ಸಂಕೇತಕ್ಕೆ. ಇನ್ನೊಂದು, 8 ಮೆಗಾಹರ್ಟ್ಸ್ ಅಗಲದ್ದು, ಹವ್ಯಾಸಿಗಳ ಟಿ.ವಿ. ಚಿತ್ರಗಳಿಗೆ. ಹೌದು, ಮನೆಯಿಂದಲೇ ಟಿ.ವಿ. ಚಿತ್ರ ಕಳಿಸುವವರೂ ಇದ್ದಾರೆ! ಟಿ.ವಿ.ಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೂ ಇದು ಅಚ್ಚರಿಯೇ.

ಕೇಳುವುದರಿಂದ ಆರಂಭಿಸಿ. ಏನೂ ಖರ್ಚಿಲ್ಲದ ದಾರಿಯೊಂದಿದೆ. ಇಂಗ್ಲೆಂಡಿನ ಗೂನ್‌ಹಿಲಿ ಭೂಕೇಂದ್ರದಲ್ಲಿ ಅಲ್ಲಿನ ಹವ್ಯಾಸಿಗಳು ಈ ಉಪಗ್ರಹಕ್ಕೆಂದು ಒಂದು ರಿಸೀವರ್ ಇಟ್ಟು ಅಂತರ್ಜಾಲಕ್ಕೆ ಜೋಡಿಸಿದ್ದಾರೆ. ನಿಮ್ಮ ಕೈಯ ಮೊಬೈಲಿನಲ್ಲೇ ಅದನ್ನು ತಿರುಗಿಸಿ ಕೇಳಬಹುದು. 1962ರಲ್ಲಿ ಟೆಲ್‌ಸ್ಟಾರ್ ಉಪಗ್ರಹದ ಚಿತ್ರಗಳನ್ನು ಹಿಡಿದ ಹೆಸರಾಂತ ಕೇಂದ್ರವದು.

ಸ್ವಂತವಾಗಿ ಹಿಡಿಯುವ ಆಸೆಯಿದ್ದರೆ ಮೂಲೆಗೆ ಬಿದ್ದಿರುವ ಹಳೆಯ ಟಿ.ವಿ. ಡಿಶ್ ಒಂದು, ಅದರ ತುದಿಯ ಎಲ್.ಎನ್.ಬಿ., ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಸಾಫ್ಟ್‌ವೇರ್ ರೇಡಿಯೊ ಬೇಕು. ಎಲ್.ಎನ್.ಬಿ. ಒಳಗೆ 9750 ಮೆಗಾಹರ್ಟ್ಸ್‌ನ ಆಂದೋಲಕವಿದೆ. ಉಪಗ್ರಹದ 10,489.75ರಿಂದ ಅದನ್ನು ಕಳೆಯಿರಿ: 739.75 ಮೆಗಾಹರ್ಟ್ಸ್. ಅಲ್ಲಿಗೆ ರೇಡಿಯೊ ತಿರುಗಿಸಿದರೆ ದನಿಗಳು ಸಿಗುತ್ತವೆ. ಮನೆಯ ಡಿಶ್‌ಗಳ ಬಟ್ಟಲು ಓರೆ ಜಾತಿಯದು. ಸರಿಯಾಗಿ ಕೂರಿಸಿದಾಗಲೂ ನಾವು ಎಣಿಸಿದ್ದಕ್ಕಿಂತ ನೆಟ್ಟಗೆ ನಿಂತಂತೆ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ಒಂದು ತೊಡಕು ಮಾತ್ರ ಬಂದೇ ಬರುತ್ತದೆ. ಆಂದೋಲಕ ಬಿಸಿಲಿಗೆ ಸರಿಯುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 10,000 ಮೆಗಾಹರ್ಟ್ಸ್‌ನಲ್ಲಿ ಅದು 10 ಕಿಲೋಹರ್ಟ್ಸ್ ಆಯಿತು. ಒಬ್ಬರ ದನಿಗೆ ಮೀಸಲಾದ ಅಗಲ 3 ಕಿಲೋಹರ್ಟ್ಸ್‌ಗಿಂತ ಕಡಿಮೆ. ನಿಮ್ಮ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ದನಿ ಕೈಯಿಂದ ಜಾರಿಹೋಗುವುದು ಇದರಿಂದಲೇ. ಉಪಗ್ರಹ ಒಂದು ಗುರುತಿನ ಸಂಕೇತವನ್ನು, ಬೀಕನ್ ಅನ್ನು, ಬಿಡದೆ ಕಳಿಸುತ್ತಿರುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಸರಿಪಡಿಸಿಕೊಳ್ಳಬೇಕು. ಭೌತಶಾಸ್ತ್ರದ ಪುಸ್ತಕದಲ್ಲಿ ಒಂದು ಸಾಲಾಗಿದ್ದ ಉಷ್ಣತೆಯ ಪರಿಣಾಮ ಹೀಗೆ ಕಿವಿಗೇ ಕೇಳಿಸುತ್ತದೆ.

ಮಾತಾಡಬೇಕೆಂದರೆ ಪರವಾನಗಿ ಕಡ್ಡಾಯ. ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ ಇದಕ್ಕೆ ಪರೀಕ್ಷೆ ನಡೆಸುತ್ತದೆ. 12 ವರ್ಷ ತುಂಬಿದವರು ಬರೆಯಬಹುದು. ರೇಡಿಯೊ ತತ್ತ್ವ ಮತ್ತು ನಿಯಮಗಳು ಅದರ ವಿಷಯ, ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿಗೆ ಎಟುಕದ್ದೇನಲ್ಲ. ಗೆದ್ದವರಿಗೆ ಒಂದು ಕರೆಸಂಕೇತ ದೊರೆಯುತ್ತದೆ. ‘ವಿ.ಯು.2’ ಅಥವಾ ‘ವಿ.ಯು.3’ ಎಂದು ಅದು ಆರಂಭವಾಗುತ್ತದೆ. ಲೋಕದಲ್ಲಿ ಅದೇ ಸಂಕೇತ ಇನ್ನೊಬ್ಬರಿಗಿಲ್ಲ. ಆದರೆ ಪರವಾನಗಿ ಬಂದ ಮಾತ್ರಕ್ಕೆ ಎಲ್ಲ ಪಟ್ಟಿಗಳಲ್ಲೂ ಮಾತಾಡಬಹುದೆಂದಲ್ಲ. ನಿಮ್ಮ ದರ್ಜೆಗೆ 2400 ಮೆಗಾಹರ್ಟ್ಸ್‌ನಲ್ಲಿ ಕಳಿಸಲು ಅನುಮತಿ ಇದೆಯೇ, ಎಷ್ಟು ಶಕ್ತಿಗೆ ಇದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ನಡೆಯಬೇಕು. ವ್ಯಾಪಾರದ ಮಾತು, ಪ್ರಚಾರ, ಹಾಡಿನ ಪ್ರಸಾರ ಇವಕ್ಕೆ ಇಲ್ಲಿ ಎಡೆಯಿಲ್ಲ. ಕಳಿಸುತ್ತಿರುವಾಗ ಡಿಶ್‌ನ ಮುಂದೆ ಯಾರೂ ನಿಲ್ಲಬಾರದು. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದೂ ಹೆಚ್ಚುಕಡಿಮೆ ಇದೇ ಕಂಪನಾಂಕದಲ್ಲಿ.

ಶಕ್ತಿ ಎಷ್ಟು ಬೇಕು? ಮುಕ್ಕಾಲು ಮೀಟರ್ ಡಿಶ್ ಇದ್ದರೆ ಮಾತಿಗೆ ಕೆಲವೇ ವಾಟ್ ಸಾಕು. ಹೆಚ್ಚು ಶಕ್ತಿ ಹಾಕಿದರೆ ಇನ್ನೂ ಚೆನ್ನಾಗಿ ಕೇಳಿಸುವುದಿಲ್ಲವೇ ಎನ್ನುತ್ತೀರಾ? ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ನಿಯಮವಿದೆ. ಟ್ರಾನ್ಸ್‌ಪಾಂಡರಿನ ಶಕ್ತಿ ಒಟ್ಟು ಇಷ್ಟೇ. ಏಕಕಾಲಕ್ಕೆ ಮಾತಾಡುವ ಎಲ್ಲರೂ ಅದನ್ನೇ ಹಂಚಿಕೊಳ್ಳಬೇಕು. ಒಬ್ಬ ಕಿರುಚಿದರೆ ಉಳಿದವರ ದನಿ ಕುಗ್ಗುತ್ತದೆ. ಆದ್ದರಿಂದ ಯಾರ ದನಿಯೂ ಬೀಕನ್‌ಗಿಂತ ಜೋರಾಗಿರಬಾರದು. ಮೀರಿದವರ ಕಂಪನಾಂಕದ ಮೇಲೆಯೇ ‘ಲೈಲಾ’ ಎಂಬ ಏರ್ಪಾಡು ಸೈರನ್ ಊದುತ್ತದೆ. ಊರ ಕೆರೆಯ ನೀರನ್ನು ಸರದಿಯಂತೆ ಹಂಚಿಕೊಂಡವರ ಮಕ್ಕಳು ನೀವು. ಈ ನ್ಯಾಯವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೈಯಲ್ಲೇ ಮೊಬೈಲ್ ಇರುವಾಗ ಇದೆಲ್ಲ ಏತಕ್ಕೆ ಎಂದು ನೀವು ಕೇಳಿದರೆ ತಪ್ಪಲ್ಲ. ದಿನನಿತ್ಯದ ಮಾತಿಗೆ ಮೊಬೈಲೇ ಸರಿ. ಆದರೆ ಮೊಬೈಲ್ ನಿಂತಿರುವುದು ಗೋಪುರದ ಮೇಲೆ, ಗೋಪುರ ನಿಂತಿರುವುದು ವಿದ್ಯುತ್ತಿನ ಮೇಲೆ. ನಿಮ್ಮ ಜಿಲ್ಲೆ ಕೃಷ್ಣೆ ಭೀಮೆಯರ ನಡುವಿನದು. 2009ರ ನೆರೆ, 2019ರ ಆಗಸ್ಟ್ ತಿಂಗಳ ನೆರೆ ಎರಡೂ ನಿಮ್ಮ ಮನೆಯವರಿಗೆ ನೆನಪಿರುತ್ತವೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಶಹಾಪುರ–ದೇವದುರ್ಗದ ದಾರಿಯ ಕೊಳ್ಳೂರು ಸೇತುವೆ ಮುಳುಗಿ ಸಂಚಾರ ನಿಂತದ್ದುಂಟು. ಹೊಳೆ ನಡುವಿನ ನೀಲಕಂಠರಾಯನಗಡ್ಡಿಯ ಜನ ಎಷ್ಟೋ ಮಳೆಗಾಲಗಳನ್ನು ಹೊರಗಿನ ಸಂಪರ್ಕವಿಲ್ಲದೆ ಕಳೆದಿದ್ದಾರೆ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಿಗಳ ಒಂದು ತಂಡ ಆಕಸ್ಮಿಕವಾಗಿ ಇತ್ತು. ದೂರವಾಣಿ ಸತ್ತುಹೋದ ಆ ದಿನಗಳಲ್ಲಿ ಅವರ ರೇಡಿಯೊಗಳೇ ಅಂಡಮಾನಿನ ಸುದ್ದಿಯನ್ನು ಆಚೆಗೆ ಮುಟ್ಟಿಸಿದವು. ಭೂಸ್ಥಿರ ಉಪಗ್ರಹಕ್ಕೆ ನಡುವೆ ಗೋಪುರ ಬೇಡ, ತಂತಿ ಬೇಡ. ಒಂದು ಡಿಶ್, ಒಂದು ಬ್ಯಾಟರಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಬಳಸಲು ಬಲ್ಲ ಪರವಾನಗಿದಾರ ಬೇಕು. ಆ ಮನುಷ್ಯನನ್ನು ನೆರೆ ಬಂದ ದಿನ ತಯಾರಿಸಲಾಗುವುದಿಲ್ಲ. ಅವನೋ ಅವಳೋ ನೆರೆ ಬರುವ ಮೊದಲೇ ಕಲಿತಿರಬೇಕು, ಪ್ರತಿ ವಾರ ಮಾತಾಡಿ ಕೈ ಪಳಗಿಸಿಕೊಂಡಿರಬೇಕು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಉಪಗ್ರಹವೂ ಬೇರೆ ದೇಶದ್ದು. ಒಂದು ದಿನ ಇದರ ಆಯುಸ್ಸೂ ತೀರುತ್ತದೆ. ಎ.ಟಿ.ಎಸ್.-6 ಹೋದಾಗ ನಮ್ಮ ಹಳ್ಳಿಗಳ ಪರದೆ ಖಾಲಿಯಾಯಿತು. ಕಾರಣ, ನಾವು ಆಗ ಕೇಳುಗರಷ್ಟೇ ಆಗಿದ್ದೆವು. ಈ ಬಾರಿ ಉಪಗ್ರಹ ಹೋದರೂ ಕಲಿತ ವಿದ್ಯೆ ಉಳಿಯುತ್ತದೆ. ಹ್ಯಾಮ್‌ಸ್ಯಾಟ್‌ನ ಒಂದು ಟ್ರಾನ್ಸ್‌ಪಾಂಡರನ್ನು ಕಟ್ಟಿದವನು ನಿಮ್ಮ ಹಾಗೆ ಕಾಲೇಜಿಗೆ ಹೋಗುತ್ತಿದ್ದವನೇ ಅಲ್ಲವೇ?

ಕೊನೆಗೆ ಒಂದು ಲೆಕ್ಕ ಕೊಡುತ್ತೇನೆ. ಯಾದಗಿರಿಗೂ ಸುರಪುರಕ್ಕೂ ನೇರ ಅಂತರ ಸುಮಾರು 50 ಕಿ.ಮೀ. ಉಪಗ್ರಹ ಎರಡೂ ಊರಿನಿಂದ ಸುಮಾರು 38,700 ಕಿ.ಮೀ. ದೂರ. ಯಾದಗಿರಿಯ ಹುಡುಗಿಯೊಬ್ಬಳು ಪಡುವಣಕ್ಕೆ ಡಿಶ್ ತಿರುಗಿಸಿ, “ಹಲೋ, ಯಾದಗಿರಿಯಿಂದ ಮಾತಾಡ್ಲಿಕ್ಕತ್ತೀನ್ರಿ, ನನ್ನ ದನಿ ಕೇಳಸ್ತದೇನ್ರಿ?” ಎಂದರೆ, ಸುರಪುರದಲ್ಲಿ ಅದು ಎಷ್ಟು ಹೊತ್ತಿನ ನಂತರ ಕೇಳಿಸುತ್ತದೆ? ಬೆಳಕಿನ ವೇಗ ನಿಮಗೆ ಗೊತ್ತು. ಉತ್ತರ ಕಾಲು ಸೆಕೆಂಡಿನ ಆಚೀಚೆ ಬಂದರೆ ನಿಮ್ಮ ಲೆಕ್ಕ ಸರಿ. ಆ ಕಾಲು ಸೆಕೆಂಡಿನಲ್ಲಿ ಅವಳ ದನಿ ಕಾಂಗೋ ದೇಶದ ನೆತ್ತಿಯ ಮೇಲಕ್ಕೆ ಹೋಗಿ ಬಂದಿರುತ್ತದೆ; ಸುರಪುರದ ಜೊತೆಗೆ ಬ್ರೆಜಿಲ್ಲಿನವರಿಗೂ ಅಂಟಾರ್ಕ್‌ಟಿಕಾದವರಿಗೂ ಕೇಳಿಸಿರುತ್ತದೆ. ಅವರಲ್ಲಿ ಯಾರು ಬೇಕಾದರೂ ಅವಳಿಗೆ ಮರುಮಾತು ಹೇಳಬಹುದು.